ಕೇಳದೆ ಕರೆದವರ ಹೊಣೆ: ಸಂತಾನಸಂಕಲ್ಪದ ನೈತಿಕತೆ

ವಿವಾಹ ಸಂಸ್ಕಾರದಲ್ಲಿ ವಧೂವರರು ಸಮ್ಮತಿಯನ್ನು ಪ್ರಕಟಿಸುವ ಮುನ್ನ ಗುರುಗಳು ಅವರಿಗೆ ಕೆಲವು ಪ್ರಶ್ನೆಗಳನ್ನು ಹಾಕುತ್ತಾರೆ. ಅವುಗಳಲ್ಲಿ ಕೊನೆಯದು ಸಂತಾನವನ್ನು ಕುರಿತದ್ದು. ದೇವರು ಅನುಗ್ರಹಿಸುವ ಮಕ್ಕಳನ್ನು ಸ್ವೀಕರಿಸಲು ಸಿದ್ಧರಿದ್ದೀರಾ ಎಂಬುದೇ ಅದರ ತಿರುಳು. ಮಕ್ಕಳನ್ನು ಹೆತ್ತೇ ತೀರುವಿರಾ ಎಂದು ಅದು ಕೇಳುವುದಿಲ್ಲ. ವಧೂವರರು ಇಳಿವಯಸ್ಸಿನವರಾದರೆ ಆ ಪ್ರಶ್ನೆಯನ್ನು ಬಿಡಲೂ ಅವಕಾಶವಿದೆ. ‘ಸ್ವೀಕರಿಸು’ ಎಂಬ ಈ ಒಂದು ಕ್ರಿಯಾಪದವನ್ನು ಬಿಡಿಸಿ ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ.

ನಮ್ಮ ಹಿರಿಯರ ಕಾಲದಲ್ಲಿ ಮಕ್ಕಳಾಗುವುದು ವಿವಾಹದ ಬೆನ್ನಿಗೇ ಬರುತ್ತಿದ್ದ ಸಂಗತಿ. ಇಂದು ಅದು ಬಹುಮಟ್ಟಿಗೆ ಆಯ್ಕೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಒಟ್ಟು ಫಲವತ್ತತೆಯ ದರ 1.7. ಆಯ್ಕೆಯಾದುದಕ್ಕೆ ಕಾರಣ ಕೇಳುವುದು ಸಹಜ. ಜನ್ಮ ನೀಡುವುದೇ ಜನಿಸುವವನಿಗೆ ಮಾಡುವ ಹಾನಿ ಎಂದು ತತ್ತ್ವಜ್ಞಾನಿ ಡೇವಿಡ್ ಬೆನಟಾರ್ 2006ರಲ್ಲಿ ವಾದಿಸಿದರು. ಒಪ್ಪಿಗೆ ಪಡೆಯದೆ ತನ್ನನ್ನು ಹುಟ್ಟಿಸಿದ್ದಕ್ಕಾಗಿ ಹೆತ್ತವರ ಮೇಲೆ ಮೊಕದ್ದಮೆ ಹೂಡುವುದಾಗಿ ಮುಂಬೈನ ಯುವಕನೊಬ್ಬ 2019ರಲ್ಲಿ ಹೇಳಿದ್ದು ಸುದ್ದಿಯಾಯಿತು. ಇದನ್ನು ನಾವು ನಕ್ಕು ತಳ್ಳಿಹಾಕಬಹುದು. ಪವಿತ್ರ ಗ್ರಂಥ ಹಾಗೆ ತಳ್ಳಿಹಾಕುವುದಿಲ್ಲ. ಯೋಬನೂ (ಅಧ್ಯಾಯ 3) ಯೆರೆಮೀಯನೂ (ಅಧ್ಯಾಯ 20) ತಾವು ಹುಟ್ಟಿದ ದಿನವನ್ನೇ ಶಪಿಸಿದರು. ಆ ಮಾತುಗಳನ್ನು ಧರ್ಮಸಭೆ ದೇವರ ವಾಕ್ಯವೆಂದೇ ಓದುತ್ತದೆ.

ಆಕ್ಷೇಪಣೆಯ ತಿರುಳು ಒಪ್ಪಿಗೆಯ ಪ್ರಶ್ನೆ. ಇಲ್ಲದವನನ್ನು ಒಪ್ಪಿಗೆ ಕೇಳಲಾಗದು; ಆದ್ದರಿಂದ ಇಲ್ಲಿ ಮುರಿಯಲ್ಪಟ್ಟ ಹಕ್ಕೊಂದಿದೆ ಎನ್ನಲಾಗದು. ಆದರೆ ಇಷ್ಟಕ್ಕೆ ಮಾತು ಮುಗಿಯುವುದಿಲ್ಲ. ಹೆತ್ತವರು ಒಬ್ಬ ವ್ಯಕ್ತಿಯನ್ನು ಅವನ ಒಪ್ಪಿಗೆಯಿಲ್ಲದೆ ಲೋಕಕ್ಕೆ ತಂದಿದ್ದಾರೆ, ಆದಕಾರಣ ಅವನು ತನ್ನ ಇರವಿನಲ್ಲಿ ತೃಪ್ತನಾಗುವಂತೆ ಶ್ರಮಿಸುವ ಋಣ ಅವರ ಮೇಲಿದೆ ಎಂದು ಇಮ್ಯಾನುಯೆಲ್ ಕಾಂಟ್ 1797ರಲ್ಲಿ ಬರೆದನು. ಒಪ್ಪಿಗೆಯ ಅಭಾವವು ಜನ್ಮ ನೀಡುವುದನ್ನು ನಿಷೇಧಿಸುವುದಿಲ್ಲ. ಅದು ಹೆತ್ತವರನ್ನು ಸಾಲಗಾರರನ್ನಾಗಿ ಮಾಡುತ್ತದೆ.

ವಿಶ್ವಾಸವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ದೇವರೂ ನಮ್ಮನ್ನು ಕೇಳದೆಯೇ ಸೃಷ್ಟಿಸಿದರು. ಆದರೆ ಸೃಷ್ಟಿಸಿ ದೂರ ನಿಲ್ಲಲಿಲ್ಲ. ತಮ್ಮ ಪುತ್ರನಲ್ಲಿ ನಮ್ಮ ಹಸಿವು, ಕಣ್ಣೀರು, ಮರಣಗಳನ್ನು ತಾವೇ ಹೊತ್ತರು. ಕೇಳದೆ ಕರೆದವರು ಕರೆಸಿಕೊಂಡವರ ಜೊತೆಯಲ್ಲಿ ಕೊನೆಯವರೆಗೂ ನಡೆಯಬೇಕೆಂಬುದನ್ನು ನಾವು ಕಲಿಯುವುದು ಶಿಲುಬೆಯಿಂದಲೇ. ದಂಪತಿಗಳು ಸೃಷ್ಟಿಕಾರ್ಯದಲ್ಲಿ ಸಹಭಾಗಿಗಳೆಂದು ನಾವು ಬೋಧಿಸುವಾಗ, ಈ ಸಹಭಾಗಿತ್ವಕ್ಕೆ ಒಡನೆ ನಡೆಯುವ ಹೊರೆಯೂ ಸೇರಿದೆ ಎಂಬುದನ್ನು ಮರೆಯಬಾರದು.

ಹಾಗಾದರೆ ಮಗುವನ್ನು ಬಯಸಲು ಯಾವ ಕಾರಣ ತಕ್ಕುದು? ಮುಪ್ಪಿಗೆ ಊರುಗೋಲು, ವಂಶಕ್ಕೊಂದು ಕುಡಿ, ನೆಂಟರ ಬಾಯಿಗೆ ಬೀಗ: ನಮ್ಮ ಮನೆಗಳಲ್ಲಿ ಕೇಳಿಬರುವ ಕಾರಣಗಳು ಇವು. ಬಯಕೆ ತನ್ನಷ್ಟಕ್ಕೆ ಪಾಪವಲ್ಲ. ಹನ್ನಳೂ ಕಣ್ಣೀರಿಟ್ಟು ಬೇಡಿದಳು. ಆದರೆ ಬೇಡಿ ಪಡೆದ ಸಮುವೇಲನನ್ನು ಆಕೆ ತನಗೆಂದು ಉಳಿಸಿಕೊಳ್ಳಲಿಲ್ಲ. ಇಲ್ಲಿ ನಮಗೊಂದು ಒರೆಗಲ್ಲು ದೊರೆಯುತ್ತದೆ: ಯಾವ ಉದ್ದೇಶಕ್ಕಾಗಿ ಮಗುವನ್ನು ಬಯಸಿದೆವೋ ಆ ಉದ್ದೇಶವನ್ನು ಮಗು ಈಡೇರಿಸದಿದ್ದರೂ ಅದನ್ನು ಸ್ವೀಕರಿಸುವೆವೇ? ಗಂಡನ್ನು ಬಯಸಿದಲ್ಲಿ ಹೆಣ್ಣು ಹುಟ್ಟಿದರೆ? ಅಂಗವಿಕಲತೆಯೊಂದಿಗೆ ಹುಟ್ಟಿದರೆ? ಬೆಳೆದು ದೂರ ಹೋದರೆ? ಭ್ರೂಣಲಿಂಗ ಪತ್ತೆಯನ್ನು ತಡೆಯಲು 1994ರಲ್ಲಿ ಕಾಯಿದೆಯನ್ನೇ ತರಬೇಕಾಯಿತೆಂದರೆ, ಈ ಪ್ರಶ್ನೆ ಕೇವಲ ತರಗತಿಯದ್ದಲ್ಲ. 1987ರ ‘ದೋನುಂ ವೀತೆ’ ಬೋಧನೆಯು ಮಗುವನ್ನು ಹೆತ್ತವರ ಹಕ್ಕೆಂದು ಒಪ್ಪದೆ ವರದಾನವೆಂದು ಕಾಣುವುದು ಈ ಕಾರಣಕ್ಕಾಗಿಯೇ.

ವರದಾನವೆಂದ ಮಾತ್ರಕ್ಕೆ ವಿವೇಚನೆ ಬೇಡವೆಂದಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯ ‘ಗೌದಿಯುಂ ಎತ್ ಸ್ಪೆಸ್’ (ಸಂಖ್ಯೆ 50) ಈ ತೀರ್ಮಾನವನ್ನು ದೇವರ ಮುಂದೆ ಅಂತಿಮವಾಗಿ ದಂಪತಿಗಳೇ ಕೈಗೊಳ್ಳಬೇಕೆನ್ನುತ್ತದೆ. ಅವರು ತಮ್ಮ ಹಾಗೂ ಮಕ್ಕಳ ಹಿತ, ಕಾಲದ ಪರಿಸ್ಥಿತಿ, ಕುಟುಂಬ, ಸಮಾಜ ಮತ್ತು ಧರ್ಮಸಭೆಯ ಒಳಿತನ್ನು ತೂಗಿ ನೋಡಬೇಕು. ಅವರ ಮನಸ್ಸಾಕ್ಷಿ ದೈವನಿಯಮಕ್ಕೆ ಹೊಂದಿಕೊಂಡಿರಬೇಕು. 1968ರ ‘ಹುಮಾನೆ ವೀತೆ’ ವಿಶ್ವಪತ್ರವು (ಸಂಖ್ಯೆ 10) ಹೆಚ್ಚು ಮಕ್ಕಳನ್ನು ಪಡೆಯುವ ಉದಾರ ನಿರ್ಧಾರವನ್ನೂ, ಗಂಭೀರ ಕಾರಣಗಳಿಂದ ನೈತಿಕ ನಿಯಮಕ್ಕನುಸಾರವಾಗಿ ಇನ್ನೊಂದು ಜನನವನ್ನು ಮುಂದೂಡುವ ನಿರ್ಧಾರವನ್ನೂ ಹೊಣೆಯರಿತ ಪೋಷಕತ್ವವೆಂದೇ ಕರೆಯುತ್ತದೆ. ಸಂತಾನವನ್ನು ಸಂಪೂರ್ಣವಾಗಿ ಹೊರಗಿಟ್ಟು ಮದುವೆಯಾಗುವುದು ಬೇರೆ ಮಾತು. ಅದು ವಿವಾಹದ ಸಿಂಧುತ್ವಕ್ಕೇ ಧಕ್ಕೆ ತರುತ್ತದೆ.

ಗುರುಗಳಾದ ನಮಗೆ ಇದರಿಂದ ಬರುವ ಪಾಠ ನೇರವಾದದ್ದು. ಮದುವೆಯಾಗಿ ವರ್ಷ ಕಳೆದ ದಂಪತಿಗಳನ್ನು ದೇವಾಲಯದ ಅಂಗಳದಲ್ಲಿ ನಿಲ್ಲಿಸಿ ‘ಏನಾದರೂ ವಿಶೇಷ ಉಂಟೇ?’ ಎಂದು ನಗುತ್ತ ಕೇಳುವ ಅಭ್ಯಾಸ ನಮ್ಮಲ್ಲೂ ಇದೆ. ಆ ಪ್ರಶ್ನೆ ಬಂಜೆತನದ ನೋವನ್ನು ಕೆದಕುತ್ತದೆ, ಪ್ರಾರ್ಥನಾಪೂರ್ವಕವಾಗಿ ಕಾಯುತ್ತಿರುವವರನ್ನು ಅಪರಾಧಿಗಳನ್ನಾಗಿ ಮಾಡುತ್ತದೆ. ಮಕ್ಕಳು ಬೇಡವೆನ್ನುವ ಯುವಜನರನ್ನು ಸ್ವಾರ್ಥಿಗಳೆಂದು ಜರೆಯುವ ಮೊದಲು, ಅವರು ಯಾವ ಭಯವನ್ನು ಹೊತ್ತು ಬಂದಿದ್ದಾರೆಂದು ಆಲಿಸೋಣ. ‘ಈ ಲೋಕಕ್ಕೆ ಮಗುವನ್ನು ತರುವುದು ನ್ಯಾಯವೇ?’ ಎಂದು ಕೇಳುವವರು ಆಗಲೇ ಆ ಮಗುವಿನ ಪರವಾಗಿ ಯೋಚಿಸುತ್ತಿದ್ದಾರೆ. ಹೊಣೆಯರಿತ ಪೋಷಕತ್ವದ ಮೊದಲ ಮೆಟ್ಟಿಲು ಅದೇ. ಅಲ್ಲಿಂದ ಭರವಸೆಯ ಕಡೆಗೆ ಅವರನ್ನು ಕರೆದೊಯ್ಯುವುದು ನಮ್ಮ ಸೇವೆ. ಒಬ್ಬಂಟಿಯಾಗಿ ಹೊರಲಾಗದ ಹೊರೆಯನ್ನು ಧರ್ಮಕೇಂದ್ರವೂ ಹಂಚಿಕೊಳ್ಳುವುದೆಂದು ಅವರಿಗೆ ಕಾಣಿಸದ ಹೊರತು ನಮ್ಮ ಉಪದೇಶ ಬರಿಯ ಮಾತಾಗಿ ಉಳಿಯುತ್ತದೆ.

ಶಿಶುವಿನ ದೀಕ್ಷಾಸ್ನಾನದ ವಿಧಿಯಲ್ಲಿ ನಾವು ಹೆತ್ತವರನ್ನು ಮೊದಲು ಕೇಳುವುದು ಮಗುವಿನ ಹೆಸರನ್ನು. ಹೊಣೆಯ ಅರಿವಿದೆಯೇ ಎಂಬ ಪ್ರಶ್ನೆ ಬರುವುದು ಅನಂತರ. ವಿವಾಹದ ದಿನ ಸ್ವೀಕರಿಸುವೆವೆಂದು ಮಾತು ಕೊಟ್ಟಾಗ ಆ ಮಗುವಿಗೆ ಹೆಸರಿರಲಿಲ್ಲ, ಮುಖವಿರಲಿಲ್ಲ. ಅಂದು ಕೊಟ್ಟ ಮಾತು ಅಪರಿಚಿತನೊಬ್ಬನಿಗೆ ಕೊಟ್ಟ ಮಾತಾಗಿತ್ತು. ಇಂದು ಅವನು ಬಂದಿದ್ದಾನೆ.