ಮನೆಯ ದುರಸ್ತಿಯೂ ಕೈಯ ಕಾಸೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಕಟ್ಟಿದ ಮನೆಯನ್ನು ಕಾಪಾಡಿ ನೋಡು ಎಂಬ ಮೂರನೆಯ ಮಾತನ್ನು ಅವರು ಸೇರಿಸಲಿಲ್ಲ. ಸೇರಿಸುವ ಅಗತ್ಯವೂ ಅವರಿಗೆ ಕಂಡಿರಲಾರದು. ಬೇಸಗೆ ಕಳೆಯುವ ಮುನ್ನ ಮಾಡಿಗೆ ಏಣಿ ಇಡುವುದು, ಒಡೆದ ಹಂಚು ತೆಗೆದು ಬೇರೆ ಹಂಚು ಕೂರಿಸುವುದು, ಮಳೆನೀರು ಹರಿಯುವ ತೋಡನ್ನು ಕೆರೆದು ಶುಚಿಗೊಳಿಸುವುದು, ಇವೆಲ್ಲ ನಮ್ಮ ಕರಾವಳಿಯ ಮನೆಮನೆಯಲ್ಲಿ ವರ್ಷಕ್ಕೊಮ್ಮೆ ತಪ್ಪದೆ ನಡೆಯುತ್ತಿದ್ದ ಕಾರ್ಯಗಳು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಹುಲ್ಲಿನ ಮಾಡುಗಳು ಕ್ರಮೇಣ ಹಂಚಿನವಾದುವು. ಅದರಿಂದ ಕೆಲಸ ಹಗುರವಾಯಿತೇ ಹೊರತು ನಿಂತುಹೋಗಲಿಲ್ಲ.

ಆ ಮನೆಗಳಿಂದ ಹೊರಟು ಬಂದವರೇ ನಾವು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ 34 ಕಿಲೋಮೀಟರು ಓಡಿದ ರೈಲುಗಾಡಿಯು ಮರುವರ್ಷವೇ ಕಲ್ಯಾಣವನ್ನು ಮುಟ್ಟಿತು. ಆ ಹಳಿಯನ್ನೇ ಹಿಡಿದು, ಮುಂಬಯಿಯ ಬಾಡಿಗೆಯನ್ನು ತಾಳಲಾರದ ನಮ್ಮವರು ಠಾಣೆ, ಡೊಂಬಿವಲಿ, ಕಲ್ಯಾಣಗಳಿಗೆ ಸರಿದರು. 1970ರಲ್ಲಿ ಸಿಡ್ಕೊ ಸಂಸ್ಥೆಯು ಸ್ಥಾಪನೆಯಾಗಿ ಖಾಡಿಯಾಚೆ ಹೊಸ ನಗರವೊಂದನ್ನು ಕಟ್ಟತೊಡಗಿದ ಬಳಿಕ, ಅದರಲ್ಲೂ 1992ರಲ್ಲಿ ವಾಶಿಗೆ ರೈಲು ಬಂದ ಬಳಿಕ, ನವಿ ಮುಂಬಯಿಯೂ ನಮ್ಮವರ ವಸತಿಯಾಯಿತು. ಹೋಟೆಲಿನ ಮಾಳಿಗೆಯಲ್ಲಿ ಚಾಪೆ ಹಾಸಿ ಮಲಗಿ, ರಾತ್ರಿಶಾಲೆಯಲ್ಲಿ ನಾಲ್ಕಕ್ಷರ ಕಲಿತು, ಗುಮಾಸ್ತಿಕೆಗೆ ಏರಿದವರೂ ನಮ್ಮಲ್ಲಿ ಅನೇಕರು. ಒಂದು ಕೋಣೆ, ಒಂದು ಅಡುಗೆಮನೆ, ಇಷ್ಟನ್ನು ಸ್ವಂತದ್ದಾಗಿ ಮಾಡಿಕೊಳ್ಳಲು ಆಯುಷ್ಯದ ಇಪ್ಪತ್ತು ವರ್ಷಗಳ ದುಡಿಮೆಯನ್ನು ಬ್ಯಾಂಕಿಗೆ ಬರೆದುಕೊಟ್ಟವರಿದ್ದಾರೆ.

ಹೀಗಿರುವಾಗ, ಅಷ್ಟು ಕಷ್ಟದಿಂದ ಪಡೆದ ಮನೆಯ ದುರಸ್ತಿಗೆ ಮಾತ್ರ ನಮ್ಮ ಖರ್ಚಿನ ಪಟ್ಟಿಯಲ್ಲಿ ಕಟ್ಟಕಡೆಯ ಸ್ಥಾನ ದೊರೆಯುವುದು ವಿಚಿತ್ರವಲ್ಲವೇ? ಸಾಲದ ಕಂತು, ಮಕ್ಕಳ ಶುಲ್ಕ, ಊರಿಗೆ ಕಳುಹಿಸುವ ಹಣ, ದಿನಸಿ ಅಂಗಡಿಯ ಬಾಕಿ, ಇವೆಲ್ಲ ತೀರಿದ ಮೇಲೆ ಉಳಿದರೆ ದುರಸ್ತಿ. ಉಳಿಯುವುದಂತೂ ಅಪರೂಪ. ನಲ್ಲಿ ತೊಟ್ಟಿಕ್ಕಿದರೆ ಕೆಳಗೊಂದು ಬಾಲ್ದಿ ಇಡುತ್ತೇವೆ. ಗೋಡೆ ಒದ್ದೆಯಾದರೆ ಅದರ ಮೇಲೊಂದು ಕ್ಯಾಲೆಂಡರು ತೂಗುಹಾಕುತ್ತೇವೆ. ಕ್ಯಾಲೆಂಡರಿನಲ್ಲಿ ತಿಂಗಳುಗಳು ಬದಲಾಗುತ್ತವೆ, ಹಿಂದಿನ ತೇವವು ತನ್ನ ಪಾಡಿಗೆ ಹರಡುತ್ತಿರುತ್ತದೆ.

ಹನಿಯ ಲೆಕ್ಕ

ಹನಿಯೊಂದಕ್ಕೆ ಏನು ಬೆಲೆ ಎಂದು ಕೇಳುವವರಿಗಾಗಿ ಸಣ್ಣದೊಂದು ಲೆಕ್ಕವನ್ನು ಮುಂದಿಡುತ್ತೇವೆ. ಸೆಕೆಂಡಿಗೆ ಒಂದು ಹನಿಯಂತೆ ಬಿದ್ದರೆ ದಿನಕ್ಕೆ 86,400 ಹನಿಗಳು. ಇಪ್ಪತ್ತು ಹನಿಗೆ ಒಂದು ಮಿಲಿಲೀಟರು ಎಂದು ಹಿಡಿದರೂ ದಿನಕ್ಕೆ 4 ಲೀಟರಿಗೆ ಮೇಲಾಯಿತು, ವರ್ಷಕ್ಕೆ 1,500 ಲೀಟರಿಗೂ ಮೇಲಾಯಿತು. ನೀರು ಬರುವ ಹೊತ್ತಿಗೆ ಕಾದು ಕುಳಿತು ಪೀಪಾಯಿ ತುಂಬಿಸಿಕೊಳ್ಳುವ ಮನೆಯಲ್ಲಿ ಈ ನಷ್ಟವು ಸಣ್ಣದಲ್ಲ. ಹನಿಗೂಡಿ ಹಳ್ಳವಾಗುವ ಗಾದೆಯು ಉಳಿತಾಯಕ್ಕೆ ಹೇಗೋ ಪೋಲಿಗೂ ಹಾಗೆಯೇ ಸಲ್ಲುತ್ತದೆ.

ಹಳೆಯ ತಿರುಪಿನ ನಲ್ಲಿಯಾದರೆ ಬಹುತೇಕ ಕೆಟ್ಟಿರುವುದು ಒಳಗಿನ ವಾಷರು ಮಾತ್ರ. ಮನೆಗೆ ನೀರು ಬರುವ ಮುಖ್ಯ ವಾಲ್ವನ್ನು ಮೊದಲು ಮುಚ್ಚಬೇಕು. ನಲ್ಲಿಯನ್ನು ತೆರೆದು ಕೊಳವೆಯಲ್ಲಿ ನಿಂತ ನೀರನ್ನು ಹರಿಯಬಿಡಬೇಕು. ಬಳಿಕ ಪಾನಾದಿಂದ ಮೇಲಿನ ಭಾಗವನ್ನು ಬಿಚ್ಚಿ, ಸವೆದ ವಾಷರನ್ನು ಅಂಗಡಿಗೆ ಒಯ್ದು ಅದೇ ಅಳತೆಯದನ್ನು ತಂದು ಹಾಕಬೇಕು. ಅರ್ಧ ಗಂಟೆಯ ಕೆಲಸ. ಕೊಳವೆಯ ಸೇರಿಕೆಯಲ್ಲಿ ನೀರು ಜಿನುಗಿದರೆ ಬಿಚ್ಚಿ, ಮರೆಗೆ ಟೆಫ್ಲಾನ್ ಟೇಪನ್ನು ತಿರುಪು ಬಿಗಿಯುವ ದಿಕ್ಕಿನಲ್ಲೇ ಸುತ್ತಿ ಮತ್ತೆ ಜೋಡಿಸಿದರಾಯಿತು. ಒಂದು ಪಾನಾ, ಒಂದು ಇಕ್ಕಳ, ಎರಡು ಸ್ಕ್ರೂಡ್ರೈವರು, ಒಂದು ಸುತ್ತಿಗೆ, ಒಂದು ಸಣ್ಣ ಕರಣೆ, ಇಷ್ಟು ಉಪಕರಣಗಳು ಮನೆಯಲ್ಲಿದ್ದರೆ ಸಾಕು. ಹಬ್ಬಕ್ಕೆ ಒಂದು ಅಂಗಿ ಕಡಿಮೆಯಾದರೂ ಚಿಂತೆಯಿಲ್ಲ, ಇವನ್ನು ಕೊಂಡಿಟ್ಟುಕೊಳ್ಳಬೇಕು.

ಗೋಡೆಯ ಬಿರುಕಿನ ಮಾತು ಬೇರೆ. ಬಿರುಕು ಕಂಡೊಡನೆ ಪುಟ್ಟಿ ತುಂಬಿ ಮುಚ್ಚುವುದು ನಮ್ಮ ಅಭ್ಯಾಸ. ಮೊದಲು ಅದರ ಎರಡು ತುದಿಗಳಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ತಾರೀಕು ಬರೆದಿಡಬೇಕು. ಎರಡು ತಿಂಗಳ ಬಳಿಕವೂ ಬಿರುಕು ಗೆರೆಯನ್ನು ದಾಟದಿದ್ದರೆ ಅದು ಬಹುಮಟ್ಟಿಗೆ ಗಾರೆ ಒಣಗಿದಾಗ ಬಂದದ್ದು; ಕೆರೆದು, ಶುಚಿಮಾಡಿ, ತುಂಬಿಸಬಹುದು. ದಾಟಿತೆಂದರೆ ಅದು ತಿಳಿದವರ ಕಣ್ಣಿಗೆ ಬೀಳಬೇಕಾದ ಸಂಗತಿ. ಮಳೆನೀರಿನ ತೇವಕ್ಕೆ ಒಳಗಿನಿಂದ ಬಣ್ಣ ಬಳಿಯುವುದರಿಂದ ಫಲವಿಲ್ಲ. ನೀರು ಹೊರಗಿನಿಂದ ಬರುತ್ತದೆ, ತಡೆಯುವುದೂ ಹೊರಗಿನಿಂದಲೇ ಆಗಬೇಕು; ಅದೂ ಗೋಡೆ ಒಣಗಿರುವ ಏಪ್ರಿಲ್, ಮೇ ತಿಂಗಳುಗಳಲ್ಲಿ. ಮುಂಗಾರು ಹಿಡಿದ ಮೇಲೆ ಕೂಗಿದರೆ ಕೆಲಸಗಾರನೂ ಸಿಗುವುದಿಲ್ಲ, ಗಾರೆಯೂ ಹಿಡಿಯುವುದಿಲ್ಲ.

ಕೈ ಹಾಕಬಾರದ ಕೆಲಸಗಳು

ಸ್ವಂತ ಕೈಯ ಕೆಲಸವನ್ನು ಹೊಗಳಿದೆವೆಂದು ವಾಚಕರು ಎಲ್ಲದಕ್ಕೂ ಕೈ ಹಾಕಬಾರದು. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟಿನದು. ಒದ್ದೆ ಕೈಯವನೆಂದು ಅದು ಯಾರನ್ನೂ ಕರುಣಿಸುವುದಿಲ್ಲ. ಬಲ್ಬು ಬದಲಿಸುವುದರಾಚೆಗಿನ ಕೆಲಸವನ್ನು ಪರವಾನಿಗೆ ಉಳ್ಳವನಿಗೆ ಬಿಡುವುದೇ ಮೇಲು. ಗೃಹಸ್ಥನು ಇಲ್ಲಿ ಉಳಿಸಬಹುದಾದದ್ದು ಬಿಲ್ಲಿನಲ್ಲಿ. 75 ವ್ಯಾಟಿನ ಹಳೆಯ ಫ್ಯಾನು ದಿನಕ್ಕೆ 12 ತಾಸು ತಿರುಗಿದರೆ ತಿಂಗಳಿಗೆ 27 ಯೂನಿಟ್ಟು. 30 ವ್ಯಾಟಿನ ಹೊಸ ಬಗೆಯದಾದರೆ 11 ಯೂನಿಟ್ಟಿಗೂ ಕಡಿಮೆ. ಹಳೆಯದು ಕೆಟ್ಟು ನಿಂತ ದಿನ ಈ ಲೆಕ್ಕವನ್ನು ನೆನೆದರಾಯಿತು.

ಅಡುಗೆ ಅನಿಲದ ರಬ್ಬರ್ ನಳಿಕೆಯನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕೆಂಬುದು ನಿಯಮ. ಸೋರಿಕೆಯ ಸಂಶಯ ಬಂದರೆ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುವುದೇ ಎಂದು ನೋಡಬೇಕು, ಕಡ್ಡಿ ಗೀರಿ ಅಲ್ಲ. ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವ ನಮ್ಮ ಬಂಧುಗಳು ಇದನ್ನು ಚೆನ್ನಾಗಿ ಬಲ್ಲರು. ತಮ್ಮ ಮನೆಯ ಒಲೆಯ ಹಿಂದೆಯೂ ಅವರು ಒಮ್ಮೆ ಬಗ್ಗಿ ನೋಡಲಿ.

ಇವೆಲ್ಲಕ್ಕಿಂತ ಗಂಭೀರವಾದುದು ಸ್ಲ್ಯಾಬಿನ ರೋಗ. ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ನೀರು ತಾಗಿದರೆ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಒಳಗಿನಿಂದ ಕಾಂಕ್ರೀಟನ್ನು ಒಡೆಯುತ್ತದೆ. ಖಾಡಿಯ ಉಪ್ಪುಗಾಳಿಯು ಇದನ್ನು ಇನ್ನಷ್ಟು ಬೇಗ ಮಾಡುತ್ತದೆ. ಮಾಳಿಗೆಯಿಂದ ಗಾರೆ ಉದುರಿ ಕಂದುಬಣ್ಣದ ಸಲಾಕೆ ಕಂಡಾಗ ಅದರ ಮೇಲೆ ಸಿಮೆಂಟು ಬಳಿದು ಸುಣ್ಣ ಹೊಡೆಯುವುದೆಂದರೆ ಹುಣ್ಣಿನ ಮೇಲೆ ಗಂಧ ಹಚ್ಚಿದಂತೆ. ಹಾಗೆಯೇ, ಅಡುಗೆಮನೆ ದೊಡ್ಡದಾಗಲೆಂದು ಯಾರನ್ನೂ ಕೇಳದೆ ಗೋಡೆ ಒಡೆಸುವವನು ತನ್ನ ಮನೆಯನ್ನು ಮಾತ್ರವಲ್ಲ, ಮೇಲೂ ಕೆಳಗೂ ಮಲಗಿರುವವರ ಮನೆಯನ್ನೂ ಒಡೆಯುತ್ತಿರಬಹುದು.

ಇದು ಬೆದರಿಸುವ ಮಾತಲ್ಲ. 2013ರ ಏಪ್ರಿಲ್ 4ರಂದು ಮುಂಬ್ರಾ ಸಮೀಪದ ಶೀಳದಲ್ಲಿ, ಪರವಾನಿಗೆಯಿಲ್ಲದೆ ಅವಸರದಿಂದ ಏಳುತ್ತಿದ್ದ ಕಟ್ಟಡ ಕುಸಿದು 74 ಮಂದಿ ಸತ್ತರು. 2015ರ ಆಗಸ್ಟ್ 4ರ ನಸುಕಿನಲ್ಲಿ ಠಾಣೆಯ ನೌಪಾಡಾದಲ್ಲಿ ಹಳೆಯ ಕಟ್ಟಡವೊಂದು ನಿದ್ರಿಸುತ್ತಿದ್ದವರ ಮೇಲೆ ಉರುಳಿತು. ಒಂದು ಹೊಸತು, ಒಂದು ಹಳತು. ಅಗ್ಗದ ಆಸೆಗೆ ಬಿದ್ದು ಕಾಗದಪತ್ರ ನೋಡದೆ ಮನೆ ಕೊಳ್ಳುವವನಿಗೆ ಮೊದಲನೆಯದು ಪಾಠ. ಹಳೆಯ ಮನೆಯ ಯೋಗಕ್ಷೇಮವನ್ನು ಮುಂದೂಡುವವನಿಗೆ ಎರಡನೆಯದು.

ಸೊಸೈಟಿಯ ಪಾಲು, ನಮ್ಮ ಪಾಲು

ದುರಸ್ತಿಯ ಜಗಳಗಳಲ್ಲಿ ಅರ್ಧದಷ್ಟು, ಖರ್ಚು ಯಾರದೆಂಬುದು ತಿಳಿಯದೆ ಹುಟ್ಟುವಂಥವು. ಮಹಾರಾಷ್ಟ್ರದ ಸಹಕಾರಿ ವಸತಿ ಸಂಘಗಳ ಮಾದರಿ ಉಪನಿಯಮಗಳು ಇದನ್ನು ಬಿಡಿಸಿ ಹೇಳಿವೆ. ತಾರಸಿಯಿಂದ ಇಳಿದ ಮಳೆನೀರು, ಹೊರಗಿನ ಸಾಮಾನ್ಯ ಕೊಳವೆಗಳ ಸೋರಿಕೆ, ಇವು ಸಂಘದ ಪಾಲು. ಮೇಲಿನ ಮನೆಯ ಮೋರಿ, ಪಾಯಖಾನೆ, ಸಿಂಕುಗಳಿಂದ ಇಳಿದ ನೀರು ಆ ಮನೆಯ ಸದಸ್ಯನ ಪಾಲು. ಇದನ್ನು ಅರಿತು ಕಾರ್ಯದರ್ಶಿಗೆ ಒಂದು ಅರ್ಜಿ ಬರೆದರೆ ಮೆಟ್ಟಿಲಲ್ಲಿ ನಿಂತು ಗಂಟಲು ಹರಿದುಕೊಳ್ಳುವುದು ತಪ್ಪೀತು.

ಅದೇ ಉಪನಿಯಮಗಳಂತೆ ಕಟ್ಟಡದ ವೆಚ್ಚದ ಮೇಲೆ ವರ್ಷಕ್ಕೆ ಕನಿಷ್ಠ ಶೇಕಡ 0.75 ದುರಸ್ತಿ ನಿಧಿಗೂ, ಶೇಕಡ 0.25 ಸಿಂಕಿಂಗ್ ಫಂಡಿಗೂ ಸಲ್ಲಬೇಕು. ಒಂದು ಮನೆಯ ಕಟ್ಟಡ ವೆಚ್ಚ 10 ಲಕ್ಷವೆಂದರೆ ಎರಡೂ ಸೇರಿ ವರ್ಷಕ್ಕೆ 10,000 ರೂಪಾಯಿ, ತಿಂಗಳಿಗೆ 833ರಷ್ಟು. ವಾರ್ಷಿಕ ಸಭೆಯಲ್ಲಿ ಈ ಮೊತ್ತವನ್ನು ಇಳಿಸಿರೆಂದು ಕೂಗುವವನು ಜಾಣನೆನಿಸಿಕೊಳ್ಳುತ್ತಾನೆ. ಆದರೆ ಹದಿನೈದು ವರ್ಷಗಳ ಬಳಿಕ ಒಂದೇ ಗಳಿಗೆಯಲ್ಲಿ ಲಕ್ಷ ರೂಪಾಯಿ ಕೊಡಿರೆಂದು ನೋಟೀಸು ಬಂದಾಗ, ಸಾಲಕ್ಕಾಗಿ ಅಲೆಯುವವರಲ್ಲಿ ಅವನೂ ಒಬ್ಬನಾಗುತ್ತಾನೆ. ಕಟ್ಟಡಕ್ಕೆ 15 ವರ್ಷ ತುಂಬಿದ ಮೇಲೆ 5 ವರ್ಷಕ್ಕೊಮ್ಮೆ, 30 ದಾಟಿದ ಮೇಲೆ 3 ವರ್ಷಕ್ಕೊಮ್ಮೆ ಇಂಜಿನಿಯರರಿಂದ ತಪಾಸಣೆ ಮಾಡಿಸಬೇಕೆಂಬ ವಿಧಿಯೂ ಅಲ್ಲಿದೆ. ಸಭೆಯಲ್ಲಿ ಚಹ ಕುಡಿದು ಏಳುವ ಮುನ್ನ, ಕಳೆದ ತಪಾಸಣೆ ಯಾವಾಗ ಆಯಿತೆಂದು ಕೇಳುವ ಹಕ್ಕು ಪ್ರತಿಯೊಬ್ಬ ಸದಸ್ಯನಿಗೂ ಇದೆ.

ಕೂಡಿ ಬಾಳುವ ಈ ವಿದ್ಯೆ ನಮಗೆ ಪರಕೀಯವೇನಲ್ಲ. ಕನ್ನಡ ಕರಾವಳಿಯ ಸಾರಸ್ವತರು ಶ್ರೀಪಾದ ಸುಬ್ಬರಾವ್ ತಲ್ಮಕಿಯವರ ಮುಂದಾಳುತನದಲ್ಲಿ 1906ರಲ್ಲಿ ಶಾಮರಾವ್ ವಿಠಲ ಸಹಕಾರಿ ಬ್ಯಾಂಕನ್ನೂ, 1915ರಲ್ಲಿ ಮುಂಬಯಿಯ ಗಾಮದೇವಿಯಲ್ಲಿ ಸಹಕಾರಿ ವಸತಿ ಸಂಘವನ್ನೂ ಸ್ಥಾಪಿಸಿದರು. ಅಂದು ಗುಮಾಸ್ತರು ಸೇರಿ ಮಾಡಿದುದನ್ನು ಇಂದಿನ ಗುಮಾಸ್ತರು ಮಾಡಲಾರರೇ?

ಬಾಡಿಗೆಯ ಮನೆಯವರೂ ಒಂದು ಮಾತು ತಿಳಿದಿರಬೇಕು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾನೂನಿನಂತೆ ಮನೆಯನ್ನು ವಾಸಯೋಗ್ಯವಾಗಿ ಇಡುವುದು ಮಾಲಿಕನ ಹೊಣೆ. 15 ದಿನಗಳಿಗೆ ಕಡಿಮೆಯಿಲ್ಲದ ಲಿಖಿತ ನೋಟೀಸಿನ ಮೇಲೂ ಆತನು ಅಲಕ್ಷಿಸಿದರೆ ಬಾಡಿಗೆದಾರನು ತಾನೇ ದುರಸ್ತಿ ಮಾಡಿಸಿ, ವರ್ಷದ ಬಾಡಿಗೆಯ ನಾಲ್ಕನೆಯ ಒಂದು ಪಾಲನ್ನು ಮೀರದಂತೆ ಖರ್ಚನ್ನು ಮುರಿದುಕೊಳ್ಳಬಹುದು. ಹನ್ನೊಂದು ತಿಂಗಳ ಲೀವ್ ಆಂಡ್ ಲೈಸೆನ್ಸಿನವರಿಗಾದರೋ ಕರಾರಿನಲ್ಲಿ ಬರೆದುದೇ ಆಧಾರ. ಆದುದರಿಂದ ಸಹಿ ಹಾಕುವ ಮೊದಲು, ದುರಸ್ತಿಯ ಖರ್ಚು ಯಾರದೆಂಬ ಸಾಲು ಅದರಲ್ಲಿ ಇದೆಯೇ ಎಂದು ಓದಿ ನೋಡಬೇಕು.

ತಾಸಿನ ಬೆಲೆ

ಯಾವ ಕೆಲಸ ಸ್ವಂತಕ್ಕೆ, ಯಾವುದು ಕೂಲಿಗೆ ಎಂಬುದನ್ನು ನಿರ್ಣಯಿಸಲು ತನ್ನ ತಾಸಿನ ಬೆಲೆಯನ್ನು ತಿಳಿಯಬೇಕು. ತಿಂಗಳಿಗೆ 24,000 ರೂಪಾಯಿ ಪಡೆಯುವ ಗುಮಾಸ್ತನು 26 ದಿನ, ಎಂಟು ತಾಸು ಕಚೇರಿಯಲ್ಲೂ ಮೂರು ತಾಸು ಲೋಕಲ್ ಗಾಡಿಯಲ್ಲೂ ಕಳೆಯುತ್ತಾನೆಂದರೆ ಅವನ ತಾಸಿಗೆ ಬಿದ್ದದ್ದು 84 ರೂಪಾಯಿ. ಅರ್ಧ ತಾಸಿನಲ್ಲಿ ವಾಷರು ಬದಲಿಸಿದರೆ ಅದು ಲಾಭ. ಎರಡು ಭಾನುವಾರ ಬಗ್ಗಿ ಕುಳಿತು ಮೋರಿಗೆ ಲಾದಿ ಕೂರಿಸಿ, ಮೂರನೆಯ ಭಾನುವಾರ ಅದನ್ನು ಕೀಳಿಸಲು ಗೌಂಡಿಯನ್ನು ಕರೆದರೆ ಅದು ನಷ್ಟ. ವಾರಕ್ಕೊಂದೇ ರಜೆ ಸಿಗುವ ಹೋಟೆಲಿನ ಬಂಧುವಿಗೆ ಆ ದಿನದ ನಿದ್ರೆಗೂ ಒಂದು ಬೆಲೆಯಿದೆ. ಅದನ್ನು ಯಾವ ಲೆಕ್ಕದಲ್ಲೂ ಬಿಡಬಾರದು.

ಕೊನೆಯದಾಗಿ ಕೂಲಿಯ ಮಾತು. ನಾಕಾದಲ್ಲಿ ಬೆಳಗ್ಗೆ ಕರಣೆ ಹಿಡಿದು ಕೆಲಸಕ್ಕಾಗಿ ಕಾದು ನಿಲ್ಲುವವನೂ ನಮ್ಮಂತೆಯೇ ಯಾವುದೋ ಊರು ಬಿಟ್ಟು ಬಂದವನು. ಮೇಜಿನ ಮೇಲೆ ನಾಲ್ಕು ಕಾಸು ಇಡಲು ಹಿಂದೆಮುಂದೆ ನೋಡುವ ಗಿರಾಕಿಯನ್ನು ಕಂಡು ಮನಸ್ಸಿನಲ್ಲೇ ನೊಂದವರು ನಾವು. ಆದಕಾರಣ ಅವನೊಡನೆ ಕೆಲಸವೇನು, ಸಾಮಾನು ಯಾರದು, ಮಜೂರಿ ಎಷ್ಟು ಎಂಬುದನ್ನು ಮೊದಲೇ ಸ್ಪಷ್ಟವಾಗಿ ಮಾತಾಡೋಣ. ಕೆಲಸ ಮುಗಿದ ಮೇಲೆ ಚೌಕಾಶಿಗೆ ಇಳಿಯುವುದು ಬೇಡ. ಅವನು ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ನೋಡೋಣ. ಮುಂದಿನ ಸಲ ನಮ್ಮ ಕೈಯಿಂದಲೇ ಆಗುವಂಥದು ಅದರಲ್ಲಿ ಏನಾದರೂ ಇದ್ದೀತು. ಇಲ್ಲದಿದ್ದರೆ ಅವನ ಕೈಯ ಕಸುಬಿಗೆ ಎಷ್ಟು ಬೆಲೆಯೆಂಬುದಾದರೂ ತಿಳಿದೀತು.