ಎರಡು ಸಹಿಗಳು

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಸಹಿ ತಾಳೆ ನೋಡುವುದು ನನ್ನ ದಿನನಿತ್ಯದ ಕೆಲಸವಾಗಿತ್ತು. ನಿವೃತ್ತನಾಗಿ ಎಷ್ಟೋ ವರ್ಷಗಳಾದರೂ ಆ ಅಭ್ಯಾಸ ಬಿಟ್ಟಿಲ್ಲ. ಪುಸ್ತಕದಲ್ಲಿ ಯಾವುದೇ ಚಿತ್ರ ಕಂಡರೂ ಮೊದಲು ಕಲಾವಿದನ ಸಹಿ ಹುಡುಕುತ್ತೇನೆ. “ತಾತಾ, ಚಿತ್ರ ನೋಡಿ ಅಂದ್ರೆ ಸಹಿ ನೋಡ್ತೀರಲ್ಲ!” ಎಂದು ಮೊಮ್ಮಗಳು ನಗುತ್ತಾಳೆ. ಅವಳಿಗೆ ಹೇಳಿದ ಒಂದು ಸಹಿಯ ಕಥೆಯನ್ನು ನಿಮಗೂ ಹೇಳುತ್ತೇನೆ.

ಚಿತ್ರದ ಹೆಸರು ‘ಪೂರ್ವಿಕರ ಪ್ರತಿಜ್ಞೆ’. ಸುಮಾರು 4 ಮೀಟರ್ ಎತ್ತರದ ತೈಲಚಿತ್ರ. ಸಮವಸ್ತ್ರ ತೊಟ್ಟ ಇಬ್ಬರು ಸೇನಾಧಿಕಾರಿಗಳು ಪ್ರತಿಜ್ಞೆ ಮಾಡುತ್ತಿದ್ದಾರೆ. ಅವರ ಕಾಲಡಿ ತುಂಡಾದ ಸಂಕೋಲೆಗಳು ಬಿದ್ದಿವೆ. ಮೇಲೆ ಮೋಡಗಳ ನಡುವೆ ಬಿಳಿಗಡ್ಡದ ದೇವರು ಹರಸುತ್ತಿದ್ದಾನೆ.

ಆ ಇಬ್ಬರು ಹೈಟಿ ದೇಶದ ವೀರರು. ಕೆರಿಬಿಯನ್ ಸಮುದ್ರದ ಹೈಟಿ ಆಗ ಫ್ರೆಂಚರ ವಸಾಹತು. ಆಫ್ರಿಕಾದಿಂದ ಹಿಡಿದು ತಂದ ಲಕ್ಷಾಂತರ ಜನ ಅಲ್ಲಿನ ಕಬ್ಬಿನ ತೋಟಗಳಲ್ಲಿ ಗುಲಾಮರಾಗಿ ದುಡಿಯುತ್ತಿದ್ದರು. 1791ರಲ್ಲಿ ಅವರು ದಂಗೆ ಎದ್ದರು. ಚಿತ್ರದಲ್ಲಿರುವ ಡೆಸ್ಸಾಲೀನ್ ಗುಲಾಮನಾಗಿದ್ದವನು, ಕಪ್ಪು ಮೈಬಣ್ಣದವನು. ಪೆತಿಯೋನ್ ಬಿಳಿಯ ತಂದೆಯ ಮಗ, ಮಿಶ್ರವರ್ಣದವನು. ಮೊದಲು ಎದುರುಬದುರು ನಿಂತು ಕಾದಾಡಿದ್ದ ಈ ಎರಡು ಬಣದವರು 1802ರಲ್ಲಿ ಒಂದಾದರು. ನೆಪೋಲಿಯನ್ ಕಳಿಸಿದ್ದ ಸೈನ್ಯವನ್ನು ಸೋಲಿಸಿದರು. 1804ರ ಜನವರಿ 1ರಂದು ಹೈಟಿ ಸ್ವತಂತ್ರವಾಯಿತು.

ಚಿತ್ರ ಬರೆದವನು ಗಿಯೋಮ್ ಲೆತಿಯೇರ್. ಅವನೂ ಹತ್ತಿರದ ಇನ್ನೊಂದು ಫ್ರೆಂಚ್ ದ್ವೀಪ ಗ್ವಾಡಲೂಪಿನವನು. ತಂದೆ ಬಿಳಿಯ ತೋಟದ ಮಾಲೀಕ, ತಾಯಿ ಗುಲಾಮಗಿರಿಯಿಂದ ಬಿಡುಗಡೆ ಪಡೆದ ಹೆಣ್ಣುಮಗಳು. ಇಂಥ ಮಗುವಿಗೆ ತಂದೆಯ ಮನೆತನದ ಹೆಸರಿಲ್ಲ. ಮೂರನೆಯ ಮಗನಾದ್ದರಿಂದ ‘ಮೂರನೆಯವ’ ಎಂಬರ್ಥದ ಫ್ರೆಂಚ್ ಪದವೇ ಅವನ ಹೆಸರಾಯಿತು! ತಂದೆ ಅವನನ್ನು ಕಾನೂನುಬದ್ಧ ಮಗನೆಂದು ಒಪ್ಪಿದ್ದು 1799ರಲ್ಲಿ. ಅಷ್ಟರಲ್ಲಿ ಅವನಿಗೆ ನಲವತ್ತು ಸಮೀಪಿಸಿತ್ತು. ಹುಡುಗನಾಗಿದ್ದಾಗಲೇ ಫ್ರಾನ್ಸಿಗೆ ಹೋದವನು ಮುಂದೆ ದೊಡ್ಡ ಕಲಾವಿದನಾಗಿ, ರೋಮ್ ನಗರದ ಫ್ರೆಂಚ್ ಅಕಾಡೆಮಿಗೆ ನಿರ್ದೇಶಕನೂ ಆದ.

ಈಗ ಸಹಿಯ ವಿಷಯಕ್ಕೆ ಬರೋಣ. ಕಲಾವಿದರು ಸಾಮಾನ್ಯವಾಗಿ ಹೆಸರು, ಇಸವಿ ಬರೆದು ಮುಗಿಸುತ್ತಾರೆ. 1822ರಲ್ಲಿ ಪ್ಯಾರಿಸ್ಸಿನಲ್ಲಿ ಬರೆದ ಈ ಚಿತ್ರದ ಮೇಲೆ ಲೆತಿಯೇರ್ ತಂದೆಯ ಮನೆತನದ ಹೆಸರನ್ನೂ ಸೇರಿಸಿ ತನ್ನ ಹೆಸರು ಬರೆದ. ಜೊತೆಗೆ ‘ಗ್ವಾಡಲೂಪಿನಲ್ಲಿ ಹುಟ್ಟಿದವನು, 1760’ ಎಂದೂ ಸೇರಿಸಿದ. ಏಕೆ? ಗ್ವಾಡಲೂಪಿನಲ್ಲಿ 1794ರಲ್ಲಿ ರದ್ದಾಗಿದ್ದ ಗುಲಾಮಗಿರಿಯನ್ನು ನೆಪೋಲಿಯನ್ 1802ರಲ್ಲಿ ಮತ್ತೆ ಹೇರಿದ್ದ. ಚಿತ್ರ ಬರೆಯುವಾಗಲೂ ಅವನ ಹುಟ್ಟೂರಿನ ಜನ ಸಂಕೋಲೆಯಲ್ಲೇ ಇದ್ದರು. ಅದು ಪೂರ್ತಿ ತೊಲಗಿದ್ದು 1848ರಲ್ಲಿ, ಅವನು ತೀರಿಕೊಂಡು 16 ವರ್ಷಗಳಾದ ಮೇಲೆ. ‘ನಾನೂ ನಿಮ್ಮವನೇ’ ಎಂದು ಹೈಟಿಯವರಿಗೆ ಹೇಳುವುದಕ್ಕೇ ಊರ ಹೆಸರು ಬರೆದನೆಂದು ನನಗೆ ಅನ್ನಿಸುತ್ತದೆ.

ಫ್ರಾನ್ಸ್ ಆಗಿನ್ನೂ ಹೈಟಿಯನ್ನು ದೇಶವೆಂದೇ ಒಪ್ಪಿರಲಿಲ್ಲ. ಹಾಗಾಗಿ ಚಿತ್ರ ಗುಟ್ಟಾಗಿ ಸಮುದ್ರ ದಾಟಿತು. 1823ರಲ್ಲಿ ಕಲಾವಿದನ ಮಗನೇ ಅದನ್ನು ಹೈಟಿಗೆ ಒಯ್ದು ಕಾಣಿಕೆಯಾಗಿ ಒಪ್ಪಿಸಿದ.

ಇನ್ನೊಂದು ಸಹಿ ಬಿದ್ದದ್ದು ಎರಡು ವರ್ಷಗಳ ಬಳಿಕ. 1825ರಲ್ಲಿ ಫ್ರಾನ್ಸಿನ ಯುದ್ಧನೌಕೆಗಳು ಹೈಟಿಗೆ ಬಂದವು. ‘ನಿಮ್ಮನ್ನು ಸ್ವತಂತ್ರರೆಂದು ಒಪ್ಪುತ್ತೇವೆ. ಬದಲಿಗೆ ನಮ್ಮ ತೋಟದ ಮಾಲೀಕರ ನಷ್ಟಕ್ಕೆ 15 ಕೋಟಿ ಫ್ರಾಂಕ್ ಕೊಡಿ’ ಎಂಬುದು ಷರತ್ತು. ಆ ನಷ್ಟದ ಲೆಕ್ಕದಲ್ಲಿ ಗುಲಾಮರಾಗಿದ್ದ ಮನುಷ್ಯರ ಬೆಲೆಯೂ ಸೇರಿತ್ತು! ತೋಪುಗಳ ಎದುರಿನಲ್ಲಿ ಅಧ್ಯಕ್ಷ ಬ್ವಾಯೆ ಒಪ್ಪಲೇಬೇಕಾಯಿತು. ಮೊದಲ ಕಂತಿಗೇ ಪ್ಯಾರಿಸ್ಸಿನಲ್ಲಿ ಸಾಲ ಎತ್ತಬೇಕಾಯಿತು. ಪತ್ರದಲ್ಲಿ ಬರೆದದ್ದು 3 ಕೋಟಿ, ಕೈಗೆ ಬಂದದ್ದು 2 ಕೋಟಿ 40 ಲಕ್ಷ. ಬಡ್ಡಿ ಮಾತ್ರ ಪೂರ್ತಿ 3 ಕೋಟಿಗೆ. 1838ರಲ್ಲಿ ಒಟ್ಟು ಮೊತ್ತವನ್ನು 9 ಕೋಟಿಗೆ ಇಳಿಸಿದರೂ, ಇದರ ಸಲುವಾಗಿ ಮಾಡಿದ ಸಾಲಗಳು ಪೂರ್ತಿ ತೀರಿದ್ದು ನಮಗೆ ಸ್ವಾತಂತ್ರ್ಯ ಬಂದ 1947ರಲ್ಲಿ.

“ದುಡಿಸಿಕೊಂಡವರು ತಾನೇ ದುಡ್ಡು ಕೊಡಬೇಕಾದ್ದು ತಾತಾ?” ಎಂದಳು ಮೊಮ್ಮಗಳು. ಲೆಕ್ಕದಲ್ಲಿ ಅವಳು ಹಿಂದೆ ಎಂದು ಶಾಲೆಯಲ್ಲಿ ದೂರುತ್ತಾರೆ. ಈ ಲೆಕ್ಕವನ್ನು ಮಾತ್ರ ಅವಳು ಸರಿಯಾಗಿಯೇ ಮಾಡಿದಳು.

ಚಿತ್ರ ಏನಾಯಿತು? ಬಹುಕಾಲ ಪೋರ್ಟ್-ಒ-ಪ್ರಿನ್ಸ್ ನಗರದ ಚರ್ಚಿನಲ್ಲಿ ಮರೆಯಾಗಿ ಉಳಿದಿತ್ತು. 1990ರ ದಶಕದಲ್ಲಿ ಅದನ್ನು ಗುರುತಿಸಿ ಫ್ರಾನ್ಸಿನಲ್ಲಿ ದುರಸ್ತಿ ಮಾಡಿಸಿದರು. 2010ರ ಜನವರಿ 12ರ ಭೂಕಂಪದಲ್ಲಿ ಅಧ್ಯಕ್ಷರ ಅರಮನೆ ಕುಸಿದಾಗ ಒಳಗಿದ್ದ ಚಿತ್ರವೂ ಜಖಂಗೊಂಡಿತು. ಅವಶೇಷಗಳ ನಡುವಿನಿಂದ ಹೊರತೆಗೆದು ಮತ್ತೊಮ್ಮೆ ದುರಸ್ತಿ ಮಾಡಿದರು.

ಮಕ್ಕಳೇ, ಎಲ್ಲಾದರೂ ಈ ಚಿತ್ರ ನೋಡಲು ಸಿಕ್ಕರೆ ಸಂಕೋಲೆ ನೋಡಿ, ವೀರರನ್ನು ನೋಡಿ. ಆಮೇಲೆ ನನ್ನ ಹಾಗೆ ಸಹಿಯನ್ನೂ ಹುಡುಕಿ.