ಕೋಟೆ ಕಾಯೋಣ, ಕೋಟೆ ಬರೆಯೋಣ

ಚಿತ್ರದುರ್ಗದ ಕೋಟೆ ನೋಡಿದ್ದೀರಾ? ಅದು ಏಳು ಸುತ್ತಿನ ಕೋಟೆ. ಪಾಳೆಯಗಾರ ನಾಯಕರು ಕಟ್ಟಿ ಬೆಳೆಸಿದ್ದು. 1779ರಲ್ಲಿ ಹೈದರಾಲಿ ಅದನ್ನು ಗೆದ್ದ. ಕಿಂಡಿಯಲ್ಲಿ ನುಸುಳಿದವರನ್ನು ಓಬವ್ವ ಒನಕೆಯಿಂದ ಬಡಿದ ಕತೆ ನಮಗೆಲ್ಲ ಗೊತ್ತು.

ಈಗ ಕೋಟೆಗೆ ಯಾರ ಭಯ? ಒಂದು ಸಣ್ಣ ಅರಳಿ ಗಿಡದ ಭಯ! ನಗಬೇಡಿ. ಹಕ್ಕಿ ಹಣ್ಣು ತಿಂದು ಗೋಡೆ ಮೇಲೆ ಹಿಕ್ಕೆ ಹಾಕುತ್ತದೆ. ಅದರೊಳಗಿನ ಬೀಜ ಕಲ್ಲಿನ ಸಂದಿಯಲ್ಲಿ ಮೊಳೆಯುತ್ತದೆ. ಮೊದಲು ಎರಡೇ ಎಲೆ. ಪಾಪ, ಇರಲಿ ಬಿಡು ಅಂತೀವಿ. ಬೇರು ದಪ್ಪ ಆದ ಹಾಗೆ ಕಲ್ಲನ್ನೇ ಆಚೆ ನೂಕುತ್ತದೆ. ದುರ್ಗದ ಎಷ್ಟೋ ಗೋಡೆಗಳಲ್ಲಿ ಗಾರೆ ಇಲ್ಲ. ಕಲ್ಲಿಗೆ ಕಲ್ಲು ಹೊಂದಿಸಿ ಇಟ್ಟಿದ್ದಾರೆ. ಒಂದು ಜಾರಿದರೆ ಮೇಲಿನದೂ ಜಾರುತ್ತದೆ.

ಊರಿನ ಹುಡುಗರು ಸೇರಿ ಭಾನುವಾರ ಕೋಟೆ ಶುಚಿ ಮಾಡಲು ಹೊರಡುವುದುಂಟು. ಬಹಳ ಒಳ್ಳೆಯದು. ಆದರೆ ಹುರುಪಿನಲ್ಲಿ ಕೆಡಿಸುವುದೂ ಉಂಟು. ಬಲಿತ ಗಿಡವನ್ನು ಜಗ್ಗಿ ಕಿತ್ತರೆ ಬೇರಿನ ಜೊತೆ ಕಲ್ಲೂ ಬರುತ್ತದೆ. ಬಿರುಕಿಗೆ ಸಿಮೆಂಟ್ ಮೆತ್ತಿದರೆ ನೀರು ಒಳಗೇ ನಿಲ್ಲುತ್ತದೆ. ಬರಹದ ಕಲ್ಲಿಗೆ ಸುಣ್ಣ ಬಳಿದರೆ ಅಕ್ಷರ ಮುಚ್ಚಿಹೋಗುತ್ತದೆ. ಅದಕ್ಕೇ ಮೊದಲು ಪುರಾತತ್ವ ಇಲಾಖೆಯವರನ್ನು ಕೇಳಬೇಕು. ಪ್ಲಾಸ್ಟಿಕ್, ಬಾಟಲಿ, ಕಸ ನಾವು ಎತ್ತೋಣ. ಗೋಡೆ ಕೆಲಸ ಅವರು ಮಾಡಲಿ.

ನಿಧಿ ಆಸೆಗೆ ಅಗೆಯುವವರ ಕಾಟ ಇನ್ನೊಂದು. ನಿಧಿ ಸಿಗುತ್ತೋ ಇಲ್ಲವೋ, ಗೋಡೆ ಅಂತೂ ಬೀಳುತ್ತದೆ. ಸರ್ಕಾರ ರಕ್ಷಿಸಿರುವ ಇಂಥ ಜಾಗಕ್ಕೆ ಹಾನಿ ಮಾಡಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. 2010ರಲ್ಲಿ ಕಾನೂನನ್ನು ಹೀಗೆ ಬಿಗಿ ಮಾಡಿದರು. ಗೋಡೆ ಮೇಲೆ ಹೆಸರು ಕೆತ್ತುವವರೂ ಇದನ್ನು ಓದಲಿ!

ಇನ್ನು ನಮ್ಮ ಕೈಯಲ್ಲೇ ಇರುವ ಒಂದು ಕೆಲಸ ಇದೆ. ಅದು ಬರೆಯುವ ಕೆಲಸ. ನಾವು ಈಗ ಅಕ್ಷರ ಕಲಿತಿದ್ದೇವಲ್ಲ!

ಕೋಟೆಯ ಒಂದೊಂದು ಜಾಗಕ್ಕೂ ಹೆಸರಿದೆ. ಅಕ್ಕ ತಂಗಿಯರ ಹೊಂಡ, ತುಪ್ಪದ ಕೊಳ, ಮದ್ದು ಬೀಸುವ ಕಲ್ಲು. ಇವು ದೊಡ್ಡ ಹೆಸರುಗಳು, ಪುಸ್ತಕದಲ್ಲಿ ಸಿಗುತ್ತವೆ. ಸಣ್ಣ ಹೆಸರುಗಳು ಅಜ್ಜ ಅಜ್ಜಿಯರ ಬಾಯಲ್ಲಿ ಮಾತ್ರ ಇವೆ. ಈ ದಾರಿಗೆ ಏನಂತಿದ್ದರು? ಯಾವ ಹೊಂಡದ ನೀರು ಕುಡಿಯುತ್ತಿದ್ದರು? ಕೇಳಿ, ಅವರು ಹೇಳಿದ ಹಾಗೇ ಬರೆದುಕೊಳ್ಳಿ. ತಿದ್ದಬೇಡಿ. ಹೇಳಿದವರ ಹೆಸರು, ತಾರೀಖು ಮರೆಯಬೇಡಿ.

ಬರಹದ ಕಲ್ಲು ಕಂಡರೆ ಮುಂಜಾನೆಯೋ ಸಂಜೆಯೋ ಫೋಟೋ ತೆಗೆಯಿರಿ. ಓರೆ ಬಿಸಿಲಿನಲ್ಲಿ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ನಡು ಮಧ್ಯಾಹ್ನ ಏನೂ ಕಾಣುವುದಿಲ್ಲ. ಪಕ್ಕದಲ್ಲಿ ಒಂದು ಅಡಿಪಟ್ಟಿ ಇಡಿ, ಕಲ್ಲು ಎಷ್ಟು ದೊಡ್ಡದು ಅಂತ ತಿಳಿಯುತ್ತದೆ. ಎಣ್ಣೆ, ಸೀಮೆಸುಣ್ಣ ಹಚ್ಚಬೇಡಿ.

ಬಿರುಕಿನ ಲೆಕ್ಕವನ್ನೂ ಇಡಬೇಕು. ಮಳೆಗಾಲದ ಮೊದಲು ಒಂದು ಸಲ, ಆಮೇಲೆ ಒಂದು ಸಲ ಅದೇ ಜಾಗದಲ್ಲಿ ಅಳೆಯಿರಿ. ಹೆಚ್ಚಾಗಿದ್ದರೆ ಪುಸ್ತಕ ಹಿಡಿದೇ ಇಲಾಖೆಗೆ ಹೋಗಿ. ಬಾಯಿ ಮಾತಿಗಿಂತ ಬರೆದ ಲೆಕ್ಕಕ್ಕೆ ಬೆಲೆ ಜಾಸ್ತಿ.

ಹೇಗೆ ಬರೆಯುವುದು ಅಂತೀರಾ? ಇಷ್ಟು ಸಾಕು:

ಎರಡನೇ ಬಾಗಿಲು. ಎಡಗಡೆ ಗೋಡೆ. ನೆಲದಿಂದ ನಾಲ್ಕು ಅಡಿ ಮೇಲೆ ಬಿರುಕು. ಒಂದು ಬೆರಳು ಅಗಲ. ಮೇಲೆ ಅರಳಿ ಗಿಡ ಇದೆ. ನೋಡಿದ ದಿನ, ನೋಡಿದವರ ಸಹಿ.